ಓದದೆ ಸಹಿ ಹಾಕಬೇಡ ತಮ್ಮಾ!

ಬೆಳಗಾವಿಯಿಂದ ಗೋವಾಕ್ಕೆ ಚೋರ್ಲಾ ಘಾಟಿನ ಮೇಲೆ ಹೋಗುವ ದಾರಿಯಲ್ಲಿ ಜಾಂಬೋಟಿ ಎಂಬ ಊರಿದೆ. ಖಾನಾಪುರ ತಾಲೂಕಿನದು. ಖಾನಾಪುರದ ಕಡೆಯಿಂದ ಬರುವ ರಸ್ತೆಯೂ ಅಲ್ಲೇ ಬಂದು ಸೇರುತ್ತದೆ. ಮುಂದಕ್ಕೆ ಕಣಕುಂಬಿ, ನಮ್ಮ ಮಲಪ್ರಭೆ ಹುಟ್ಟುವ ಜಾಗ. ಅದರಾಚೆ ಚೋರ್ಲಾ. ಘಾಟ್ ಇಳಿದರೆ ಗೋವಾ. ಒಂದು ರಾತ್ರಿ ಈ ಜಾಂಬೋಟಿಯ ರಸ್ತೆಯ ಪಕ್ಕ ನಿಂತು ನೋಡು. ಬೆಳಗಾವಿಯ ತರಕಾರಿ ಹೊತ್ತ ಗಾಡಿಗಳು ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ. ಬೆಳಗಾವಿಯ ಟೊಮೆಟೊ, ಕೋಸು, ಬದನೆಕಾಯಿ ಹೋಗದಿದ್ದರೆ ಗೋವಾದ ಒಲೆ ಹೊತ್ತುವುದು ಕಷ್ಟ.

ಬೈಕಿಗೆ ಕೆಂಪು-ಹಳದಿ ಬಾವುಟ ಕಟ್ಟಿ ಓಡಾಡುವ ತಮ್ಮಾ, ಬೆಳಗಾವಿ ಅಂದರೆ ನಿನಗೆ ನೆನಪಾಗುವುದೇನು? ಎಂಇಎಸ್ಸು, ಗಡಿ ತಂಟೆ, ನವೆಂಬರ್ ಒಂದರ ಮೆರವಣಿಗೆ, ಸುವರ್ಣ ವಿಧಾನಸೌಧ. ಇರಲಿ, ಅವೆಲ್ಲ ಇವೆ. ಆದರೆ ಆ ಗಾಡಿಯ ಸ್ಟಿಯರಿಂಗ್ ಹಿಂದೆ ಕಣ್ಣು ಉಜ್ಜಿಕೊಳ್ಳುತ್ತಾ ಕೂತವನು ಯಾರು? ಅವನ ಕೈಗೆ ಕೊಟ್ಟ ಕಾಗದ ಯಾವ ಭಾಷೆಯದು? ಅದರಲ್ಲಿ ಬರೆದಿರುವುದು ಅವನಿಗೆ ಗೊತ್ತೇ? ಈ ಪ್ರಶ್ನೆಯನ್ನು ನಮ್ಮ ಯಾವ ಸಮ್ಮೇಳನದಲ್ಲಿ, ಯಾವ ಧರಣಿಯಲ್ಲಿ ಕೇಳಿದ್ದೇವೆ ಹೇಳು.

ಇಂದು ನಿನ್ನ ಓಣಿಯಲ್ಲೇ ಒಬ್ಬ ಹುಡುಗ ಇದ್ದಾನೆ. ಪಿಯುಸಿ ಮುಗಿದಿದೆ, ಇಲ್ಲವೇ ಅರ್ಧಕ್ಕೆ ನಿಂತಿದೆ. ಗಾಡಿ ಓಡಿಸುವುದೆಂದರೆ ಪ್ರಾಣ. ನಾಳೆ ಯಾವುದೋ ಲಾರಿ ಕಂಪನಿಯ ಆಫೀಸಿನ ಮುಂದೆ ನಿಲ್ಲುತ್ತಾನೆ. ಅವನು ನೀನೇ ಇರಬಹುದು. ಸೇರಿದ ದಿನ ನಿನ್ನ ಕೈಗೆ ಮೊದಲು ಬರುವುದು ಸ್ಟಿಯರಿಂಗ್ ಎಂದು ತಿಳಿದಿದ್ದೀಯಾ? ತಪ್ಪು. ಮೊದಲು ಬರುವುದು ಪೆನ್ನು. "ಇಲ್ಲಿ ಸಹಿ, ಇಲ್ಲೊಂದು, ಹಿಂದೆ ಒಂದು." ಅಲ್ಲಿಗೆ ಆಟ ಅರ್ಧ ಮುಗಿಯಿತು. ಕನ್ನಡದ ಹೋರಾಟ ಆ ಮೇಜಿನ ಮೇಲೂ ನಡೆಯಬೇಕು ಎಂಬುದೇ ಈ ಲೇಖನದ ಒಟ್ಟು ಮಾತು.

ಮೊದಲು ಅರ್ಹತೆ

ಕಾಯ್ದೆಯ ಮಾತು ಮೊದಲು ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಹದಿನೆಂಟು ಸಾಲದು. ಹಗುರ ವಾಹನದ ಲೈಸೆನ್ಸ್ ಕೈಗೆ ಬಂದು ಒಂದು ವರ್ಷವಾಗದೆ ಸಾರಿಗೆ ವಾಹನದ ಎಲ್‌ಎಲ್‌ಆರ್ ಸಿಗುವುದಿಲ್ಲ. 2019ರ ತಿದ್ದುಪಡಿಯ ಮೇಲೆ ಸಾರಿಗೆ ಲೈಸೆನ್ಸಿಗೆ ಐದು ವರ್ಷದ ಆಯುಷ್ಯ. ಮೊದಲು ಮೂರೇ ವರ್ಷವಿತ್ತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಗೊಂದಲ ಬಿಡಿಸಿತು. ಒಟ್ಟು ತೂಕ 7,500 ಕೆ.ಜಿ. ಮೀರದ ಸಾಗಾಟದ ಗಾಡಿಯನ್ನು ಹಗುರ ವಾಹನದ ಲೈಸೆನ್ಸ್ ಇದ್ದವನೇ ಓಡಿಸಬಹುದು ಎಂದಿತು. ಅಂದರೆ ಜಾಂಬೋಟಿ ಮೇಲೆ ತರಕಾರಿ ಒಯ್ಯುವ ಸಣ್ಣ ಪಿಕಪ್ ಗಾಡಿಗೆ ಅದು ಸಾಕು. ಹತ್ತು ಗಾಲಿಯ ಲಾರಿಗೆ ಸಾಲದು. "ನಡೀತದ, ಯಾರು ಕೇಳ್ತಾರ" ಎಂದು ಮಾಲಕ ಕೀಲಿಕೈ ಕೊಟ್ಟರೂ ತಗೋಬೇಡ. ಅಪಘಾತವಾದರೆ ವಿಮೆ ಕಂಪನಿ ಮೊದಲು ನೋಡುವುದೇ ಲೈಸೆನ್ಸನ್ನು.

ಇನ್ನೊಂದು ಮಾತು, ಭಾಷೆಯದು. ಸಾರಿಗೆ ಲೈಸೆನ್ಸಿಗೆ ಎಂಟನೆಯ ತರಗತಿ ಓದಿರಬೇಕೆಂಬ ನಿಯಮವಿತ್ತು. 2019ರಲ್ಲಿ ಅದನ್ನು ತೆಗೆದರು. ಬಡವರ ಮಕ್ಕಳಿಗೆ ಕೆಲಸ ಸಿಗಲಿ ಎಂದು ತೆಗೆದರು, ಒಳ್ಳೆಯದೇ. ಆದರೆ ಶಾಲೆಯ ಮೆಟ್ಟಿಲು ಹತ್ತದವನಿಗೂ ಲೈಸೆನ್ಸ್ ಕೊಟ್ಟ ಮೇಲೆ ಅವನ ಮುಂದಿಡುವ ಕರಾರುಪತ್ರ ಇಂಗ್ಲಿಷಿನಲ್ಲಿ ಇದ್ದರೆ ಹೇಗೆ ಸ್ವಾಮಿ? ಪೆಟ್ರೋಲು, ಗ್ಯಾಸು, ಆಸಿಡ್ಡಿನಂಥ ಅಪಾಯದ ಸರಕು ಹೊರುವ ಗಾಡಿಯ ನಿಯಮ ಬೇರೆ. ಅದರ ಚಾಲಕನಿಗೆ ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯ ಜೊತೆ ಇಂಗ್ಲಿಷೂ ಓದಿ ಬರೆಯಲು ಬರಬೇಕು, ತರಬೇತಿಯ ಸರ್ಟಿಫಿಕೇಟೂ ಬೇಕು. ಚಾಲಕ ಇಂಗ್ಲಿಷ್ ಕಲಿಯಬೇಕೆಂದು ನಿಯಮ ಮಾಡಲು ಸರ್ಕಾರಕ್ಕೆ ಬರುತ್ತದೆ. ಕಂಪನಿ ಚಾಲಕನ ಭಾಷೆಯಲ್ಲಿ ಕಾಗದ ಬರೆಯಬೇಕೆಂದು ಹೇಳಲು ಯಾಕೆ ಬಾಯಿ ಬರುವುದಿಲ್ಲ?

ಮೊದಲ ಆರು ತಿಂಗಳು

ಸೇರಿದ ಕೂಡಲೇ ದೊಡ್ಡ ಗಾಡಿ ಕೊಡುತ್ತಾರೆ, ಮುಂಬಯಿಗೆ ಕಳಿಸುತ್ತಾರೆ ಎಂದು ಕನಸು ಕಾಣಬೇಡ. ಹಳೆಯ ಚಾಲಕನ ಪಕ್ಕದಲ್ಲಿ ಕೂರಿಸುತ್ತಾರೆ. ಹೆಸರಿಗೆ ಎರಡನೆಯ ಡ್ರೈವರ್, ಕೆಲಸ ಕ್ಲೀನರಿನದು. ತಾಡಪತ್ರಿ ಬಿಗಿಯಬೇಕು, ಹಗ್ಗ ಕಟ್ಟಬೇಕು, ಟಯರು ತಟ್ಟಿ ನೋಡಬೇಕು, ಸ್ಟೆಪ್ನಿ ಬದಲಿಸಬೇಕು, ರಿವರ್ಸಿಗೆ ದಾರಿ ಹೇಳಬೇಕು. ಇದರಲ್ಲಿ ಅವಮಾನವೇನೂ ಇಲ್ಲ. ಲಾರಿಯ ವಿದ್ಯೆ ಕೈಗೆ ಹತ್ತುವುದೇ ಹೀಗೆ. ಚಾಲಕನ ಕೆಲಸದಲ್ಲಿ ಓಡಿಸುವುದಕ್ಕಿಂತ ಕಾಯುವುದೇ ಹೆಚ್ಚು ಎಂಬುದೂ ಆಗಲೇ ಗೊತ್ತಾಗುತ್ತದೆ. ಲೋಡಿಂಗಿಗೆ ಕಾಯಬೇಕು, ಹಮಾಲರಿಗೆ ಕಾಯಬೇಕು, ಗೋದಾಮಿನ ಗುಮಾಸ್ತ ಊಟ ಮುಗಿಸಿ ಬರುವವರೆಗೆ ಕಾಯಬೇಕು. ಉದ್ಯಮಬಾಗದ ಫೌಂಡ್ರಿ ಮಾಲಿಗೂ ಅಷ್ಟೇ, ಎಪಿಎಂಸಿ ತರಕಾರಿಗೂ ಅಷ್ಟೇ. ಹೀಗೆ ಕಾದ ತಾಸುಗಳು ಪಗಾರಿನ ಲೆಕ್ಕಕ್ಕೆ ಬರುತ್ತವೆಯೇ? ಅದನ್ನು ಸೇರುವ ದಿನವೇ ಕೇಳು. ಆಮೇಲೆ ಕೇಳಿದರೆ ಎಲ್ಲರೂ ನಗುತ್ತಾರೆ.

ಎರಡನೆಯದು ದುಡ್ಡು. ಲಾರಿ ಕೆಲಸದಲ್ಲಿ ಪಗಾರ ಬೇರೆ, ಭತ್ತೆ ಬೇರೆ. ಕೆಲವು ಕಡೆ ತಿಂಗಳ ಪಗಾರ ಸಣ್ಣದು, ಟ್ರಿಪ್ಪಿನ ಭತ್ತೆ ದೊಡ್ಡದು. ಕೆಲವು ಕಡೆ ಕಿಲೋಮೀಟರಿಗೆ ಇಷ್ಟು ಎಂದು ಲೆಕ್ಕ. ಭತ್ತೆ ದೊಡ್ಡದಾದರೆ ಖುಷಿ ಪಡಬೇಡ. ಗಾಡಿ ಗ್ಯಾರೇಜಿನಲ್ಲಿ ಒಂದು ವಾರ ನಿಂತರೆ ಭತ್ತೆಯೂ ನಿಂತಿತು. ಭವಿಷ್ಯನಿಧಿಯ ಲೆಕ್ಕಕ್ಕೆ, ರಜೆಯ ಪಗಾರಿಗೆ ಸಣ್ಣ ಅಂಕಿ ತೋರಿಸುವುದಕ್ಕೂ ಇದು ದಾರಿ. ದಾರಿಖರ್ಚಿಗೆ ಕೊಟ್ಟ ಮುಂಗಡದ ಲೆಕ್ಕವನ್ನು ಪ್ರತಿ ಟ್ರಿಪ್ಪಿಗೂ ಮುಗಿಸು. ಮೂರು ಟ್ರಿಪ್ಪಿನ ಬಾಕಿ ಒಂದಾದರೆ ನೀನು ಪಗಾರದ ಆಳಾಗಿ ಉಳಿಯುವುದಿಲ್ಲ, ಸಾಲದ ಆಳಾಗುತ್ತೀಯ.

ಮೂರನೆಯದು ಕಾಗದ. ಗಾಡಿಯ ಆರ್‌ಸಿ, ಪಾಸಿಂಗ್, ವಿಮೆ, ಪರ್ಮಿಟ್, ಹೊಗೆ ಸರ್ಟಿಫಿಕೇಟು, ಮಾಲಿನ ಬಿಲ್ಟಿ, ಇ-ವೇ ಬಿಲ್ಲು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು ಹೋದವು. ಆದರೆ ದಾರಿಯಲ್ಲಿ ತಡೆದು ನೋಡುವ ಅಧಿಕಾರಿಗಳು ಹೋಗಲಿಲ್ಲ. ಇ-ವೇ ಬಿಲ್ಲಿನಲ್ಲಿ ಗಾಡಿ ನಂಬರಿನ ಒಂದು ಅಂಕಿ ತಪ್ಪಿದರೂ ಗಾಡಿಯೊಂದಿಗೆ ರಸ್ತೆ ಬದಿಯಲ್ಲಿ ಸಿಕ್ಕಿಬೀಳುವವನು ನೀನು. ತಪ್ಪು ಮಾಡಿದ ಗುಮಾಸ್ತ ಮನೆಯಲ್ಲಿ ಮಲಗಿರುತ್ತಾನೆ. ಹೊರಡುವ ಮುಂಚೆ ಕಾಗದದ ನಂಬರನ್ನೂ ಗಾಡಿಯ ನಂಬರನ್ನೂ ತಾಳೆ ನೋಡು. ಐದು ನಿಮಿಷದ ಕೆಲಸ.

ಹೆಚ್ಚಿನ ಭಾರದ ಮಾತೂ ಇಲ್ಲೇ ಹೇಳುತ್ತೇನೆ. "ಇನ್ನೆರಡು ಟನ್ ಹಾಕ್ಕೊಂಡ್ ಹೋಗು" ಎನ್ನುವುದು ಲಾರಿ ಜಗತ್ತಿನ ಹಳೆಯ ಪಲ್ಲವಿ. 2019ರ ತಿದ್ದುಪಡಿಯ ಪ್ರಕಾರ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಆ ಕಲಂ ಓಡಿಸುವವನನ್ನೂ ಹಿಡಿಯುತ್ತದೆ, ಓಡಿಸಲು ಹಚ್ಚಿದವನನ್ನೂ ಹಿಡಿಯುತ್ತದೆ. ಕಾಯ್ದೆ ಇಬ್ಬರ ಹೆಸರನ್ನೂ ಹೇಳಿದೆ. ರಸ್ತೆಯ ಮೇಲೆ ಸಿಗುವವನು ಮಾತ್ರ ನೀನೊಬ್ಬನೇ.

ಒಂದು ಸಾಲಿನ ಬೆಲೆ

ಈಗ ಆ ಇಂಗ್ಲಿಷ್ ಕಾಗದಕ್ಕೆ ಬರೋಣ. ಅದರಲ್ಲಿ ಏನಿರುತ್ತದೆ? ಡೀಸೆಲ್ ಆ್ಯವರೇಜಿನ ಮಾತು ಇರುತ್ತದೆ. ಲೀಟರಿಗೆ ಇಂತಿಷ್ಟು ಕಿಲೋಮೀಟರ್ ಬರಬೇಕು, ಕಡಿಮೆ ಬಂದರೆ ಪಗಾರಿನಲ್ಲಿ ಮುರಿಯುತ್ತೇವೆ ಎಂದು. ಒಂದೇ ಸಾಲು. ಈ ಸಾಲಿನ ಬೆಲೆ ಗೊತ್ತಾಗಬೇಕಾದರೆ ಮತ್ತೆ ಜಾಂಬೋಟಿಯ ರಸ್ತೆಗೇ ಬರಬೇಕು.

ಜಾಂಬೋಟಿ ದಾಟಿ ಕಣಕುಂಬಿಯ ಕಾಡು ಹಿಡಿದರೆ ಮುಂದೆ ಚೋರ್ಲಾ ಘಾಟು. ತಿರುವಿನ ಮೇಲೆ ತಿರುವು. ಮಳೆಗಾಲದಲ್ಲಿ ಮಂಜು ಇಳಿದರೆ ಎದುರಿನ ಗಾಡಿಯ ದೀಪ ಮೂಗಿನ ಹತ್ತಿರ ಬಂದಾಗಲೇ ಕಾಣುವುದು. ಗೋವಾದ ಕಡೆ ಇಳಿಯುವಾಗ ಗೇರಿನಲ್ಲೇ ಇಳಿಯಬೇಕು. ಎಂಜಿನ್ನೇ ಗಾಡಿಯನ್ನು ಹಿಡಿದಿರಬೇಕು, ಬ್ರೇಕು ಆಗಾಗ ಮಾತ್ರ. ಇದು ಹಳೆಯ ಚಾಲಕರು ಹೇಳಿಕೊಡುವ ಮೊದಲ ಪಾಠ. ಆದರೆ ಆ್ಯವರೇಜಿನ ಭಯ ಹೊಕ್ಕ ಹೊಸ ಹುಡುಗ ಏನು ಮಾಡುತ್ತಾನೆ? ಇಳುಕಲು ಸಿಕ್ಕಿತೆಂದು ನ್ಯೂಟ್ರಲಿಗೆ ಹಾಕುತ್ತಾನೆ, ಡೀಸೆಲ್ ಉಳಿಯಿತು ಎಂದುಕೊಳ್ಳುತ್ತಾನೆ. ಆಗ ಇಡೀ ಗಾಡಿಯ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಒತ್ತಿ ಒತ್ತಿ ಡ್ರಮ್ಮು ಕಾಯುತ್ತದೆ, ಕಾದ ಮೇಲೆ ಹಿಡಿಯುವುದಿಲ್ಲ. ಎಂಜಿನ್ ಬಂದ್ ಮಾಡಿದ್ದರಂತೂ ಮುಗಿದೇಹೋಯಿತು, ಏರ್ ಬ್ರೇಕಿಗೆ ಗಾಳಿ ತುಂಬುವುದೇ ಎಂಜಿನ್ನು. ಮುಂದಿನ ತಿರುವಿನಲ್ಲಿ ಕಣಿವೆ ಕಾಯುತ್ತಿರುತ್ತದೆ.

ನೋಡು ತಮ್ಮಾ, ಬೆಳಗಾವಿಯ ಯಾವುದೋ ಆಫೀಸಿನಲ್ಲಿ ಓದದೆ ಸಹಿ ಹಾಕಿದ ಒಂದು ಸಾಲು ಚೋರ್ಲಾ ಘಾಟಿನಲ್ಲಿ ಜೀವ ಕೇಳುತ್ತದೆ. ಆ ಸಾಲು ಕನ್ನಡದಲ್ಲಿದ್ದಿದ್ದರೆ ಆ ಹುಡುಗ ಅಲ್ಲೇ ಬಾಯಿ ಬಿಡುತ್ತಿದ್ದ. "ಸಾಹೇಬರ, ಬಯಲು ರಸ್ತೆಯ ಲೆಕ್ಕ ಘಾಟಿಗೂ ಹಾಕತೀರೇನು? ಹೇರಿದ ಗಾಡಿಗೂ ಖಾಲಿ ಗಾಡಿಗೂ ಒಂದೇ ಆ್ಯವರೇಜೇನು?" ಎಂದು ಕೇಳುತ್ತಿದ್ದ. ಕೇಳುವ ಹಕ್ಕು ತಿಳಿಯುವುದರಿಂದ ಹುಟ್ಟುತ್ತದೆ. ತಿಳಿಯುವುದು ತನ್ನ ನುಡಿಯಲ್ಲಿ.

ಮಾಲು ಕಡಿಮೆ ಬಂದರೆ ಚಾಲಕನೇ ತುಂಬಿಕೊಡಬೇಕು ಎಂಬ ಇನ್ನೊಂದು ಸಾಲು ಇರುತ್ತದೆ. ಇಲ್ಲಿ ಕಾಯ್ದೆ ಚಾಲಕನ ಕಡೆಗಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಇದೆ. ನಷ್ಟ ನಿನ್ನ ನಿರ್ಲಕ್ಷ್ಯದಿಂದಲೇ ಆಗಿರಬೇಕು. ಮುರಿಯುವ ಮುಂಚೆ ನಿನ್ನ ಸಮಜಾಯಿಷಿ ಕೇಳಬೇಕು. ಎಲ್ಲ ಕಡಿತ ಸೇರಿ ಪಗಾರದ ಅರ್ಧ ಮೀರಬಾರದು. ತಿಂಗಳ ಪಗಾರ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಆಗಬೇಕು. ಕೆಲಸ ಬಿಟ್ಟರೆ ಎರಡು ಕೆಲಸದ ದಿನದೊಳಗೆ ಬಾಕಿ ಕೊಡಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಇದನ್ನು ಎಷ್ಟು ಚಾಲಕರಿಗೆ ಯಾರು ಕನ್ನಡದಲ್ಲಿ ಹೇಳಿದ್ದಾರೆ?

ಅಸಲು ಲೈಸೆನ್ಸನ್ನು ಒತ್ತೆ ಇಟ್ಟುಕೊಳ್ಳುವ ಚಾಳಿಯೂ ಕೆಲವು ಕಡೆ ಇದೆ. "ಗಾಡಿ ಬಿಟ್ಟು ಓಡಿಹೋದರೆ?" ಎಂದು ನೆಪ. ಲೈಸೆನ್ಸ್ ನಿನ್ನದು. ಅದನ್ನು ಒತ್ತೆ ಇಡಿಸಿಕೊಳ್ಳಲು ಮಾಲಕನಿಗೆ ಯಾವ ಕಾಯ್ದೆಯೂ ಅಧಿಕಾರ ಕೊಟ್ಟಿಲ್ಲ. ಜೆರಾಕ್ಸ್ ಕೊಡು, ಅಸಲು ಕೊಡಬೇಡ.

ಮಾಲಕರೆಲ್ಲ ಕಟುಕರು ಎಂದು ನಾನು ಹೇಳುತ್ತಿಲ್ಲ. ಅವರಲ್ಲಿ ಅನೇಕರು ಹಿಂದೆ ಸ್ಟಿಯರಿಂಗ್ ಹಿಡಿದವರೇ. ಕಂತು, ಡೀಸೆಲ್ಲು, ಟೋಲು, ಟಯರು ಎಂದು ಅವರಿಗೂ ನಿದ್ದೆಯಿಲ್ಲ. ಲಾರಿ ವ್ಯಾಪಾರ ಕನ್ನಡಿಗರ ಕೈಲಾಗದು ಎನ್ನುವವರಿಗೆ ಗದಗಿನ ಉತ್ತರವಿದೆ. 1976ರಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರುಮಾಡಿದ ವಿಆರ್‌ಎಲ್ ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡು ದೇಶವೆಲ್ಲ ಹಬ್ಬಿತು. ಲಾರಿಯಲ್ಲಿ ಗಳಿಸಿದವರೇ 1999ರಲ್ಲಿ 'ವಿಜಯ ಕರ್ನಾಟಕ' ಎಂಬ ಕನ್ನಡ ದಿನಪತ್ರಿಕೆ ತಂದರು. ಲಾರಿಗೂ ಕನ್ನಡಕ್ಕೂ ಹಗೆಯೇನಿಲ್ಲ. ಕನ್ನಡಿಗ ಮಾಲಕರು ಕನ್ನಡ ಕಾಗದಕ್ಕೆ ಹೆದರಬೇಕಾದ್ದೂ ಇಲ್ಲ. ಮಾತು ಸ್ಪಷ್ಟವಿದ್ದರೆ ಜಗಳ ಕಡಿಮೆ, ಗಾಡಿ ಬಿಟ್ಟುಹೋಗುವ ಚಾಲಕರೂ ಕಡಿಮೆ.

ನಿದ್ದೆಗೂ ಕಾಯ್ದೆ ಇದೆ

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ಕೆಲಸ ಎಂದಿತು. ಐದು ತಾಸಿನ ಮೇಲೆ ಅರ್ಧ ತಾಸು ವಿಶ್ರಾಂತಿ, ವಾರಕ್ಕೊಂದು ರಜೆ ಎಂದಿತು. ಅರವತ್ತು ವರ್ಷ ಪುಸ್ತಕದಲ್ಲಿ ಮಲಗಿ ಚೆನ್ನಾಗಿ ನಿದ್ದೆ ಮಾಡಿದ್ದು ಆ ಕಾಯ್ದೆ, ಚಾಲಕನಲ್ಲ. ಈಗ ಅದು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿಹೋಗಿದೆ. 2025ರ ನವೆಂಬರ್ 21ರಿಂದ ಸಂಹಿತೆ ಜಾರಿಯಾಗಿದೆ. ಅದರಲ್ಲಿ ಒಂದು ಒಳ್ಳೆಯದಿದೆ, ಒಂದು ಕೆಟ್ಟದ್ದಿದೆ. ಒಳ್ಳೆಯದೆಂದರೆ ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡಲೇಬೇಕು, ಹೆಚ್ಚಿನ ತಾಸಿಗೆ ಎರಡರಷ್ಟು ಕೂಲಿ ಕೊಡಬೇಕು. ಕೆಟ್ಟದ್ದೆಂದರೆ ಹಳೆಯ ಕಾಯ್ದೆ ಐದು ಮಂದಿ ಕಾರ್ಮಿಕರಿದ್ದ ಸಂಸ್ಥೆಗೇ ತಾಗುತ್ತಿತ್ತು, ಹೊಸದಕ್ಕೆ ಹತ್ತು ಮಂದಿ ಬೇಕು. ನಾಲ್ಕು ಲಾರಿಯ ಮಾಲಕನ ಬಳಿ ದುಡಿಯುವ ಎಂಟು ಮಂದಿ ಚಾಲಕರು ಒಂದೇ ಏಟಿಗೆ ಹೊರಗೆ ಬಿದ್ದರು. ನಮ್ಮ ಸೀಮೆಯಲ್ಲಿ ಸಣ್ಣ ಮಾಲಕರೇ ಬಹಳ. ಇದರ ವಿರುದ್ಧ ಕನ್ನಡ ಸಂಘಟನೆಗಳ ಒಂದು ಕರಪತ್ರವನ್ನಾದರೂ ನೋಡಿದ್ದೀಯಾ?

ಒಂದು ಸಮಾಧಾನದ ಸುದ್ದಿ. 2025ರ ಅಕ್ಟೋಬರ್ 1ರ ಮೇಲೆ ತಯಾರಾದ ಮಧ್ಯಮ ಮತ್ತು ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಏಸಿ ಇರಲೇಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ. ಹಳೆಯ ಗಾಡಿ ಕೊಟ್ಟರೆ ಎಂಜಿನ್ನಿನ ಶಾಖವೇ ಗತಿ. ಹೊಸಬನಿಗೆ ಹಳೆಯ ಗಾಡಿಯೇ ಗಂಟುಬೀಳುತ್ತದೆ ಎಂದು ಮೊದಲೇ ತಿಳಿದಿರು.

ಅಪಘಾತದ ರಾತ್ರಿ

ಯಾರಿಗೂ ಬರಬಾರದು, ಆದರೆ ಬಂದರೆ? ಗಾಯವಾದವನನ್ನು ಆಸ್ಪತ್ರೆಗೆ ಸೇರಿಸಬೇಕು ಎನ್ನುತ್ತದೆ ಕಾಯ್ದೆ. ಗುಂಪು ಸೇರಿ ಹೊಡೆಯುವ ಭಯವಿದ್ದರೆ ಅಲ್ಲಿ ನಿಲ್ಲಬೇಕೆಂದು ಅದೇ ಕಾಯ್ದೆ ಒತ್ತಾಯಿಸುವುದಿಲ್ಲ. ಆದರೆ ಹತ್ತಿರದ ಪೊಲೀಸ್ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ತಾಸಿನೊಳಗೆ ತಿಳಿಸಲೇಬೇಕು. 112ಕ್ಕೆ ಫೋನು ಮಾಡು, ನೀನು ಮಾಡಿದ್ದಕ್ಕೆ ದಾಖಲೆ ಉಳಿಯುತ್ತದೆ. ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಜೈಲು ಎಂದು ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬರೆದಾಗ 2024ರ ಜನವರಿಯಲ್ಲಿ ದೇಶದ ಲಾರಿಗಳು ನಿಂತವು. 2024ರ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಮನ್ನು ತಡೆಹಿಡಿದರು. ಚಾಲಕರು ಒಟ್ಟಾದರೆ ದೆಹಲಿಯೂ ನಿಂತು ಕೇಳುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಈ ರಾತ್ರಿಯಲ್ಲೂ ಭಾಷೆಯ ಪ್ರಶ್ನೆ ಬರುತ್ತದೆ. ಗಡಿಯಾಚೆಯ ಠಾಣೆಯಲ್ಲಿ ನಿನ್ನ ಹೇಳಿಕೆಯನ್ನು ಯಾವ ಭಾಷೆಯಲ್ಲಿ ಬರೆದುಕೊಳ್ಳುತ್ತಾರೆ? ಓದಲು ಬಾರದ ಹಾಳೆಗೆ ಸಹಿ ಹಾಕು ಎಂದರೆ ಏನು ಮಾಡುತ್ತೀಯ? "ನನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ಆಮೇಲೆ ಸಹಿ" ಎಂದು ಕೇಳು. ಸಭ್ಯವಾಗಿ ಕೇಳು, ಗಟ್ಟಿಯಾಗಿ ಕೇಳು. ನಮ್ಮ ಬೆಳಗಾವಿಯಲ್ಲಿ ಸಿಕ್ಕಿಬಿದ್ದ ಗೋವಾದ ಚಾಲಕನಿಗೂ ಇದೇ ನ್ಯಾಯ ಸಿಗಬೇಕು.

ಕಲ್ಲು ಬೀಳುವುದು ಯಾರ ಗಾಜಿನ ಮೇಲೆ?

ಈಗ ನಮ್ಮವರಿಗೇ ಕಹಿಯಾಗುವ ಮಾತು. 2022ರ ಡಿಸೆಂಬರ್ 6. ಗಡಿ ವಿವಾದ ಕಾವೇರಿದ ದಿನ. ಹಿರೇಬಾಗೇವಾಡಿ ಟೋಲಿನ ಬಳಿ ಮಹಾರಾಷ್ಟ್ರ ನಂಬರಿನ ಲಾರಿಗಳ ಮೇಲೆ ಕಲ್ಲು ಬಿತ್ತು. ಅದೇ ದಿನ ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. 2025ರ ಫೆಬ್ರವರಿ 21. ಬೆಳಗಾವಿ ತಾಲೂಕಿನಲ್ಲಿ ಮರಾಠಿ ಬರುವುದಿಲ್ಲ ಎಂದ ನಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರಿಗೆ ಹೊಡೆದರು. ರಕ್ತ ಕುದಿಯಿತು, ಕುದಿಯಲೇಬೇಕು. ಆದರೆ ಆಮೇಲೆ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸು ತಡೆದು ಅದರ ಚಾಲಕನ ಮುಖಕ್ಕೆ ಮಸಿ ಬಳಿದರಲ್ಲ, ಆ ಚಾಲಕ ನಮ್ಮ ಕಂಡಕ್ಟರಿಗೆ ಹೊಡೆದಿದ್ದನೇ? ಅವನೂ ಪಗಾರಿಗೆ ದುಡಿಯುವ ಮನುಷ್ಯ. ಮರುದಿನ ಗಡಿ ದಾಟಬೇಕಾದ ಕನ್ನಡಿಗ ಚಾಲಕನ ಹೆಂಡತಿ ಮಕ್ಕಳು ಏನು ಯೋಚಿಸಿರಬೇಕು, ಒಮ್ಮೆ ನೆನೆ.

ಗಡಿಯ ಪುಂಡಾಟಿಕೆಗೆ ಉತ್ತರ ಕೊಡಬೇಡ ಎಂದು ಯಾರೂ ಹೇಳುವುದಿಲ್ಲ. ಪೊಲೀಸರನ್ನು ಕೇಳು, ಸರ್ಕಾರವನ್ನು ಜಗ್ಗು, ಬೀದಿಗೆ ಇಳಿ. ಆದರೆ ಲಾರಿಯ ಗಾಜು ಒಡೆದವರು ಕನ್ನಡಕ್ಕೆ ಒಂದು ಅಕ್ಷರ ಕೂಡಿಸಲಿಲ್ಲ. ರಾಜಕಾರಣಿಗೆ ಬೇಕಾದ ಚಿತ್ರ ಪತ್ರಿಕೆಯಲ್ಲಿ ಬಂತು, ಚಾಲಕನಿಗೆ ಆಸ್ಪತ್ರೆಯ ಚೀಟಿ ಬಂತು. ಎರಡೂ ರಾಜ್ಯದ ಸಿಟ್ಟನ್ನು ಮೈಮೇಲೆ ಹೊತ್ತುಕೊಂಡು ಓಡುವವನು ಚಾಲಕ. ನೀನು ಲಾರಿ ಕಂಪನಿ ಸೇರುವ ದಿನ ಇದನ್ನೂ ನಿರೀಕ್ಷಿಸಬೇಕು. ಗಡಿ ಗದ್ದಲದ ದಿನ ಗಾಡಿ ನಿಲ್ಲಿಸಿದರೆ ಆ ದಿನದ ಭತ್ತೆ ಕೊಡುತ್ತೀರೋ, ಗಾಜು ಒಡೆದರೆ ಯಾರ ಲೆಕ್ಕ ಎಂದು ಮೊದಲೇ ಬರೆಸಿಕೊ.

ಕನ್ನಡ ಎಲ್ಲಿ ಬೇಕು?

1982ರ ಗೋಕಾಕ್ ಚಳವಳಿ ಶಾಲೆಯಲ್ಲಿ ಕನ್ನಡ ಕೇಳಿತು. 1986ರಲ್ಲಿ ಸರೋಜಿನಿ ಮಹಿಷಿ ವರದಿ ನೌಕರಿಯಲ್ಲಿ ಕನ್ನಡಿಗನನ್ನು ಕೇಳಿತು. 2024ರ ಜುಲೈಯಲ್ಲಿ ಸ್ಥಳೀಯರಿಗೆ ಖಾಸಗಿ ನೌಕರಿ ಕೊಡುವ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಪತಿಗಳು ಕೂಗಿದ ಕೂಡಲೇ ಅದನ್ನು ಕಪಾಟಿನಲ್ಲಿಟ್ಟಿತು. ಅದೇ ವರ್ಷ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂಬ ತಿದ್ದುಪಡಿ ಬಂತು. ಬೋರ್ಡು ಕನ್ನಡವಾಯಿತು, ಸಂತೋಷ. ಬೋರ್ಡಿನ ಕೆಳಗೆ ಕೂತು ಸಹಿ ಹಾಕುವವನ ಕಾಗದ?

ಇದು ಹೊಸ ಬೇಡಿಕೆಯೂ ಅಲ್ಲ. 1936ರ ವೇತನ ಪಾವತಿ ಕಾಯ್ದೆ ನೋಡು. ಕಾರ್ಖಾನೆಯಲ್ಲಿ ಕಾಯ್ದೆಯ ಸಾರಾಂಶವನ್ನು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕೆಲಸಗಾರರ ಭಾಷೆಯಲ್ಲೂ ತೂಗುಹಾಕಬೇಕು ಎಂದು ಅದರಲ್ಲಿತ್ತು. ದೊಡ್ಡ ಸಂಸ್ಥೆಗಳ ಸ್ಥಾಯಿ ಆದೇಶಗಳಿಗೆ 1946ರ ಕಾಯ್ದೆಯೂ ಇದನ್ನೇ ಹೇಳಿತು. ಕರ್ನಾಟಕ ಒಂದಾಗುವ ಎಷ್ಟೋ ವರ್ಷ ಮುಂಚೆ, ಬ್ರಿಟಿಷರ ಕಾಲದ ಕಾಯ್ದೆಗೆ ತಿಳಿದಿದ್ದ ನ್ಯಾಯ ನಮ್ಮದೇ ವಿಧಾನಸೌಧಕ್ಕೆ ತಿಳಿಯುವುದಿಲ್ಲವೇ? ಹಲಗಾದಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಎದ್ದಿತು. ಅದರ ಮುಂದಿನ ಹೆದ್ದಾರಿಯಲ್ಲಿ ಹಗಲು ರಾತ್ರಿ ಲಾರಿಗಳು ಓಡುತ್ತವೆ. ಒಳಗೆ ಕೂತವರು ಒಮ್ಮೆ ಕಿಟಕಿಯಿಂದ ಹೊರಗೆ ನೋಡಲಿ.

ಜಾಂಬೋಟಿಯ ಹುಡುಗನ ವಿಷಯ ಬಿಟ್ಟರೆ ಮಾತು ಪೂರ್ತಿಯಾಗುವುದಿಲ್ಲ. ಅಲ್ಲಿ ಅನೇಕ ಮನೆಗಳ ಮಾತು ಮರಾಠಿ. ಅವನೂ ಲಾರಿ ಹತ್ತುತ್ತಾನೆ, ಅವನೂ ಅದೇ ಇಂಗ್ಲಿಷ್ ಹಾಳೆಗೆ ಕಣ್ಣುಮುಚ್ಚಿ ಸಹಿ ಹಾಕುತ್ತಾನೆ. ಅವನು ಕರ್ನಾಟಕದ ಕಾರ್ಮಿಕ. ಕಾಗದ ರಾಜ್ಯದ ಭಾಷೆಯಾದ ಕನ್ನಡದಲ್ಲಿರಲಿ, ಓದಲು ಬಾರದವನಿಗೆ ಅವನ ಮಾತಿನಲ್ಲಿ ಓದಿ ಹೇಳಲಿ. ನಿನ್ನ ಪಗಾರ ಉಳಿಸಿದ್ದು ಕನ್ನಡದ ಕಾಗದ ಎಂದು ಒಮ್ಮೆ ಗೊತ್ತಾದರೆ ಅವನಿಗೆ ಕನ್ನಡ ಕಲಿಸಲು ಯಾವ ಧರಣಿಯೂ ಬೇಕಾಗಿಲ್ಲ. ಎಂಇಎಸ್ಸಿನ ಅಂಗಡಿ ಮುಚ್ಚಲು ಇದಕ್ಕಿಂತ ಒಳ್ಳೆಯ ಬೀಗ ಸಿಗಲಾರದು.

ಕೊನೆಗೆ ನಿನ್ನ ಕೆಲಸ ಹೇಳುತ್ತೇನೆ. ನೀನು ಸೇರುವವನಾದರೆ ನೇಮಕಾತಿ ಪತ್ರ ಕೇಳು, ಕನ್ನಡದಲ್ಲಿ ಕೇಳು. ಕೊಡದಿದ್ದರೆ ಒಂದು ದಿನ ಮನೆಗೆ ಒಯ್ದು ಓದಿಸಿಕೊಂಡು ಬರುತ್ತೇನೆ ಎನ್ನು. ಸಹಿ ಹಾಕಿದ ಪ್ರತಿಯೊಂದು ಹಾಳೆಯ ನಕಲು ಇಟ್ಟುಕೊ. ವಿಮೆಯಲ್ಲಿ ಚಾಲಕನ ಹೊಣೆ ಸೇರಿದೆಯೇ, ಭವಿಷ್ಯನಿಧಿ, ಇಎಸ್‌ಐ ಕಟ್ಟುತ್ತಾರೆಯೇ ಕೇಳು. ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ನಮ್ಮ ರಾಜ್ಯ 2024ರಲ್ಲಿ ಕಾಯ್ದೆ ಮಾಡಿದೆ. ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ನೋಂದಣಿ ಮಾಡಿಸು.

ನೀನು ಸೇರುವವನಲ್ಲ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಓದಿದ ಹುಡುಗನೇ? ಹಾಗಾದರೆ ನಿನ್ನ ಕೆಲಸ ಇನ್ನೂ ದೊಡ್ಡದು. ನಿನಗೆ ಎರಡೂ ಭಾಷೆ ಬರುತ್ತದೆ. ನಿನ್ನ ಸಂಘದಲ್ಲಿ ವಾರಕ್ಕೊಂದು ಸಂಜೆ ಕುರ್ಚಿ ಹಾಕಿ ಕೂತುಕೊ. ಲಾರಿಯವರ, ಕ್ಯಾಬಿನವರ, ಸಾಮಾನು ಮುಟ್ಟಿಸುವ ಹುಡುಗರ ಇಂಗ್ಲಿಷ್ ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳು. ಒಂದು ಮಾದರಿ ನೇಮಕಾತಿ ಪತ್ರವನ್ನು ಕನ್ನಡದಲ್ಲಿ ಬರೆದು ಮಾಲಕರ ಸಂಘಕ್ಕೆ ಕೊಡು. ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ, ಕಾರ್ಮಿಕ ಸಚಿವರಿಗೆ ಅರ್ಜಿ ಬರೆ. ಮಸಿ ಬಳಿಯುವ ಕೈಯಲ್ಲಿ ಪೆನ್ನಿದ್ದರೆ ಅದೇ ಮಸಿಯಿಂದ ಇಷ್ಟು ಕೆಲಸವಾಗುತ್ತದೆ.

ಇಂದು ರಾತ್ರಿಯೂ ಜಾಂಬೋಟಿಯ ಮೇಲೆ ಗಾಡಿಗಳು ಹೋಗುತ್ತವೆ. ಅದರಲ್ಲಿ ಯಾವುದೋ ಒಂದರಲ್ಲಿ ನೆನ್ನೆ ಸೇರಿದ ಹುಡುಗ ಇರುತ್ತಾನೆ. ಘಾಟು ಇಳಿಯುವಾಗ ಅವನ ಕೈ ಗೇರಿನ ಮೇಲೆ ಇರಲಿ, ನ್ಯೂಟ್ರಲಿಗೆ ಹೋಗದಿರಲಿ. ಅವನು ಬೆಳಗ್ಗೆ ಮನೆಗೆ ಫೋನು ಮಾಡಿ ತನ್ನ ಮಾತಿನಲ್ಲಿ "ಮುಟ್ಟಿದೆ" ಎನ್ನಲಿ. ಕನ್ನಡ ಬಾಳುವುದು ಕನ್ನಡಿಗ ಬದುಕಿ ಮನೆಗೆ ಬಂದರೆ.

ಸಿರಿಗನ್ನಡಂ ಗೆಲ್ಗೆ. ದುಡಿಯುವ ಕನ್ನಡಿಗ ಬಾಳ್ಗೆ.